ನಿಮ್ಮ ಗಾಡಿ ನಿಜಕ್ಕೂ ಎಷ್ಟು ಮೈಲೇಜ್ ಕೊಡುತ್ತಿದೆ? ಲೆಕ್ಕ ಇಡುವ ಕ್ರಮ

ಹೊಸ ಕಾರು ಕೊಂಡು ಮೂರು ತಿಂಗಳಾದವರಿಂದ ಹಿಡಿದು ಹತ್ತು ವರ್ಷದ ಹಳೆಯ ಸ್ಕೂಟರ್ ಓಡಿಸುವವರವರೆಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ‘ಕಂಪನಿಯವರು 22 ಅಂದಿದ್ದರು, ನನಗೆ 15 ಕೂಡ ಬರುತ್ತಿಲ್ಲ, ಗಾಡಿಯಲ್ಲಿ ಏನಾದರೂ ತೊಂದರೆ ಇದೆಯೇ?’ ಉತ್ತರ ಹೇಳುವ ಮೊದಲು ನಾನು ಒಂದು ಮರುಪ್ರಶ್ನೆ ಹಾಕುತ್ತೇನೆ: ಆ 15 ಎಂಬ ಅಂಕಿ ನಿಮಗೆ ಸಿಕ್ಕಿದ್ದು ಹೇಗೆ? ‘ಸಾವಿರ ರೂಪಾಯಿಗೆ ಹಾಕಿಸಿದ್ದೆ, ಮುಳ್ಳು ಮತ್ತೆ ಅಲ್ಲಿಗೇ ಇಳಿಯುವಷ್ಟರಲ್ಲಿ ಇಷ್ಟು ಕಿಲೋಮೀಟರ್ ಓಡಿತ್ತು’ ಎಂಬ ಉತ್ತರ ಬಂದರೆ ಆ ಅಂಕಿ 13 ಇದ್ದರೂ ಇರಬಹುದು, 18 ಇದ್ದರೂ ಇರಬಹುದು. ಪೆಟ್ರೋಲ್ ಮುಳ್ಳು ಅಳತೆಯ ಸಾಧನವಲ್ಲ. ಟ್ಯಾಂಕಿನೊಳಗೆ ತೇಲುವ ಒಂದು ಬೆಂಡಿನ ಎತ್ತರವನ್ನು ಅದು ತೋರಿಸುತ್ತದೆ, ಅಷ್ಟೇ. ಟ್ಯಾಂಕಿನ ಆಕಾರ ಅಂಕುಡೊಂಕಾಗಿರುವುದರಿಂದ ಮೇಲಿನ ಕಾಲು ಭಾಗ ನಿಧಾನವಾಗಿಯೂ ಕೆಳಗಿನ ಕಾಲು ಭಾಗ ಬೇಗನೆಯೂ ಇಳಿಯುವ ಗಾಡಿಗಳು ಎಷ್ಟೋ ಇವೆ.

ಕಂಪನಿಯ ಅಂಕಿಯೂ ಸುಳ್ಳಲ್ಲ, ಆದರೆ ಅದು ನಮ್ಮ ರಸ್ತೆಯದ್ದಲ್ಲ. ಪುಣೆಯಲ್ಲಿರುವ ಭಾರತೀಯ ವಾಹನ ಸಂಶೋಧನಾ ಸಂಘದಂತಹ ಮಾನ್ಯತೆ ಪಡೆದ ಪರೀಕ್ಷಾಲಯದಲ್ಲಿ ಕಾರಿನ ಚಕ್ರಗಳನ್ನು ಉರುಳುವ ಡ್ರಮ್ಮುಗಳ ಮೇಲೆ ನಿಲ್ಲಿಸಿ, ಎ.ಸಿ. ಹಾಕದೆ, ಮೊದಲೇ ನಿಗದಿಯಾದ ಒಂದು ವೇಗದ ನಕ್ಷೆಯಂತೆ ಓಡಿಸಿ ಆ ಅಂಕಿಯನ್ನು ಪಡೆಯುತ್ತಾರೆ. ಕಾರುಗಳಿಗೆ ವರ್ಷಗಳಿಂದ ಬಳಸುತ್ತ ಬಂದಿರುವ ಆ ನಕ್ಷೆಯಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್. ಅಲ್ಲಿ ತುಮಕೂರಿನ ಬಟವಾಡಿಯ ಟ್ರಾಫಿಕ್ ಇಲ್ಲ, ಹಂಪುಗಳಿಲ್ಲ, ಎದುರು ಗಾಳಿಯಿಲ್ಲ, ಹಿಂದಿನ ಸೀಟಿನಲ್ಲಿ ಮದುವೆಗೆ ಹೊರಟ ಮೂವರಿಲ್ಲ. ಒಂದು ಮಾದರಿಯ ಕಾರನ್ನು ಇನ್ನೊಂದರೊಡನೆ ಹೋಲಿಸಲು ಆ ಅಂಕಿ ಉಪಯುಕ್ತ, ನಿಮ್ಮ ತಿಂಗಳ ಖರ್ಚನ್ನು ಅಂದಾಜು ಮಾಡಲು ಅಲ್ಲ. ನಿಮ್ಮ ಗಾಡಿಯನ್ನು ಹೋಲಿಸಬೇಕಾದದ್ದು ಕಳೆದ ಆರು ತಿಂಗಳ ನಿಮ್ಮದೇ ಗಾಡಿಯೊಂದಿಗೆ. ಹಾಗೆ ಹೋಲಿಸಲು ಲೆಕ್ಕ ಇರಬೇಕು, ಅದನ್ನು ಇಡುವ ಕ್ರಮ ಮುಂದಿದೆ. ತುಮಕೂರಿನ ರಸ್ತೆಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಕೋಲಾರದವರೂ ಚಿಕ್ಕಬಳ್ಳಾಪುರದವರೂ ತಮ್ಮ ಊರಿನ ಹೆಸರುಗಳನ್ನು ಹಾಕಿಕೊಂಡು ಓದಬಹುದು.

ಬೇಕಾಗುವ ಸಾಮಾನು

ಒಂದು ಸಣ್ಣ ನೋಟ್‌ಬುಕ್, ಅದಕ್ಕೆ ಕಟ್ಟಿದ ಒಂದು ಪೆನ್ನು, ಟೈರಿನ ಗಾಳಿ ನೋಡುವ ಒಂದು ಗೇಜ್, ಇಷ್ಟು ಸಾಕು. ಮೊಬೈಲ್ ಆ್ಯಪ್ ಅಥವಾ ಎಕ್ಸೆಲ್ ಹಾಳೆ ರೂಢಿಯಿದ್ದವರು ಅದನ್ನೇ ಬಳಸಲಿ. ಆದರೆ ಆ್ಯಪ್‌ನಲ್ಲಿ ಬರೆಯುತ್ತೇನೆಂದು ಹೊರಟವರಲ್ಲಿ ಹೆಚ್ಚಿನವರು ಎರಡನೇ ತಿಂಗಳಿಗೆ ಬಿಟ್ಟುಬಿಡುವುದನ್ನು ನೋಡಿರುವುದರಿಂದ, ಡ್ಯಾಶ್‌ಬೋರ್ಡಿನಲ್ಲಿ ಕಣ್ಣಿಗೆ ಬೀಳುವ ಪುಸ್ತಕವೇ ಮೇಲು ಎಂಬುದು ನನ್ನ ಅಭಿಪ್ರಾಯ. ಬಂಕಿನ ರಸೀದಿಗಳನ್ನು ಕೂಡಿಟ್ಟು ಆಮೇಲೆ ಒಟ್ಟಿಗೆ ಬರೆಯೋಣವೆಂದು ಮುಂದೂಡಬೇಡಿ. ಅವು ಶಾಖಕ್ಕೆ ಅಚ್ಚಾಗುವ ಕಾಗದದ ರಸೀದಿಗಳು, ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಕೆಲವೇ ವಾರಗಳಲ್ಲಿ ಓದಲು ಬಾರದಂತಾಗುತ್ತವೆ.

ಹಂತ 1: ಓಡೋಮೀಟರನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ

ಓಡೋಮೀಟರ್ ಎಂದರೆ ಗಾಡಿ ಹುಟ್ಟಿದಂದಿನಿಂದ ಓಡಿದ ಒಟ್ಟು ದೂರವನ್ನು ತೋರಿಸುವ ಅಂಕಿ, ಟ್ರಿಪ್ ಮೀಟರ್ ಎಂದರೆ ಬೇಕೆಂದಾಗ ಸೊನ್ನೆ ಮಾಡಿಕೊಳ್ಳಬಹುದಾದ ಅಂಕಿ. ಎರಡೂ ಚಕ್ರದ ಸುತ್ತುಗಳನ್ನು ಎಣಿಸಿ ದೂರವನ್ನು ಲೆಕ್ಕ ಹಾಕುತ್ತವೆ. ಆದ್ದರಿಂದ ಕಂಪನಿ ಕೊಟ್ಟ ಅಳತೆಯ ಟೈರ್ ಬಿಟ್ಟು ದಪ್ಪನೆಯದೋ ದೊಡ್ಡದೋ ಟೈರ್ ಹಾಕಿಸಿದವರಿಗೆ ಈ ಎಣಿಕೆ ತಪ್ಪುತ್ತದೆ.

ಪರೀಕ್ಷಿಸುವುದು ಸುಲಭ. ಕ್ಯಾತ್ಸಂದ್ರ ದಾಟಿ ಬೆಂಗಳೂರಿನ ಕಡೆಗೆ ಹೋಗುವಾಗ ರಾಷ್ಟ್ರೀಯ ಹೆದ್ದಾರಿಯ ಹಳದಿ ತಲೆಯ ಕಿಲೋಮೀಟರ್ ಕಲ್ಲೊಂದು ಬಂದೊಡನೆ ಪಕ್ಕದಲ್ಲಿ ಕುಳಿತವರಿಗೆ ಟ್ರಿಪ್ ಮೀಟರ್ ಅಂಕಿಯನ್ನು ಬರೆದುಕೊಳ್ಳಲು ಹೇಳಿ, 20 ಕಿಲೋಮೀಟರ್ ಮುಂದಿನ ಕಲ್ಲಿನಲ್ಲಿ ಮತ್ತೊಮ್ಮೆ ಬರೆಸಿ. ಟ್ರಿಪ್ ಮೀಟರ್ 20.6 ತೋರಿಸಿದರೆ ನಿಮ್ಮ ಗಾಡಿ ದೂರವನ್ನು ನೂರಕ್ಕೆ 3ರಷ್ಟು ಹಿಗ್ಗಿಸಿ ಹೇಳುತ್ತಿದೆ ಎಂದರ್ಥ. ಆಗ ಮುಂದೆ ಬರುವ ಪ್ರತಿಯೊಂದು ಮೈಲೇಜ್ ಅಂಕಿಯನ್ನೂ 0.97ರಿಂದ ಗುಣಿಸಿಕೊಳ್ಳಬೇಕು. ರಸ್ತೆ ಅಗಲ ಮಾಡುವಾಗ ಕಲ್ಲುಗಳು ಜಾಗ ಬದಲಿಸಿರುವ, ಕಿತ್ತೇ ಹೋಗಿರುವ ಕಡೆಗಳಿರುವುದರಿಂದ ಒಂದೆರಡು ಕಿಲೋಮೀಟರಿನ ಅಂತರವನ್ನು ನಂಬಬೇಡಿ, ಫೋನಿನ ನಕ್ಷೆ ತೋರಿಸುವ ದೂರದೊಂದಿಗೂ ತಾಳೆ ನೋಡಿ. ವ್ಯತ್ಯಾಸ ನೂರಕ್ಕೆ ಒಂದರೊಳಗಿದ್ದರೆ ಮರೆತುಬಿಡಿ. ಒಬ್ಬರೇ ಇದ್ದಾಗ ಈ ಪರೀಕ್ಷೆ ಬೇಡ. ಹೆದ್ದಾರಿಯಲ್ಲಿ ಅಂಕಿ ಓದುತ್ತಾ ಗಾಡಿ ಓಡಿಸುವುದೂ ಅಪಾಯ, ಅಂಚಿನಲ್ಲಿ ನಿಲ್ಲಿಸುವುದೂ ಅಪಾಯ.

ಹಂತ 2: ಟೈರಿನ ಗಾಳಿ ಸರಿಮಾಡಿ

ಲೆಕ್ಕ ಶುರು ಮಾಡುವ ದಿನ ಟೈರುಗಳಲ್ಲಿ ಸರಿಯಾದ ಗಾಳಿ ಇರಬೇಕು, ಇಲ್ಲದಿದ್ದರೆ ನೀವು ಅಳೆಯುವುದು ಗಾಡಿಯ ಗುಣವನ್ನಲ್ಲ, ಟೈರಿನ ಸೊರಗನ್ನು. ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲು ತೆಗೆದಾಗ ಕಾಣುವ ಚೌಕಟ್ಟಿನ ಮೇಲಿನ ಚೀಟಿಯಲ್ಲಿ ಪಿ.ಎಸ್.ಐ. ಲೆಕ್ಕದಲ್ಲಿ ಇರುತ್ತದೆ. ಪಿ.ಎಸ್.ಐ. ಎಂಬುದು ಗಾಳಿಯ ಒತ್ತಡದ ಅಳತೆ. ಬೆಳಿಗ್ಗೆ ಗಾಡಿ ಹೊರಡುವ ಮುನ್ನ, ಟೈರ್ ತಣ್ಣಗಿರುವಾಗಲೇ ನೋಡಬೇಕು, ಓಡಿ ಬಿಸಿಯಾದ ಟೈರ್ ಕೆಲವು ಪಿ.ಎಸ್.ಐ. ಹೆಚ್ಚಾಗಿ ತೋರಿಸುತ್ತದೆ. ಗಾಳಿ ಹಾಕುವವರು ಎಲ್ಲ ಕಾರಿಗೂ ಕಣ್ಣುಮುಚ್ಚಿ 35 ಹಾಕಿಬಿಡುವ ರೂಢಿ ಇರುವುದರಿಂದ ಅಂಕಿಯನ್ನು ನೀವೇ ಬಾಯಿಬಿಟ್ಟು ಹೇಳಿ. ಹದಿನೈದು ದಿನಕ್ಕೊಮ್ಮೆ ಇದೇ ಕೆಲಸ ಮಾಡಿ. ನೈಟ್ರೋಜನ್ ಹಾಕಿಸಿದರೆ ಮೈಲೇಜ್ ಏರುತ್ತದೆ ಎಂಬ ಮಾತಿಗೆ ಹಣ ಖರ್ಚು ಮಾಡಬೇಡಿ, ಮುಖ್ಯವಾದದ್ದು ಒತ್ತಡ, ಒಳಗಿರುವ ಅನಿಲವಲ್ಲ.

ಹಂತ 3: ಮೊದಲ ಫುಲ್ ಟ್ಯಾಂಕ್

ಈ ಕ್ರಮವೆಲ್ಲ ನಿಂತಿರುವುದು ‘ಟ್ಯಾಂಕಿನಿಂದ ಟ್ಯಾಂಕಿಗೆ’ ಎಂಬ ಒಂದು ಉಪಾಯದ ಮೇಲೆ. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ ಎಂದು ಕರಾರುವಾಕ್ಕಾಗಿ ತಿಳಿಯುವ ದಾರಿ ನಮಗಿಲ್ಲ. ಆದರೆ ಅದು ತುಂಬಿದೆ ಎಂದು ತಿಳಿಯುವ ದಾರಿ ಇದೆ. ಒಮ್ಮೆ ತುಂಬಿಸಿ, ಓಡಿಸಿ, ಮತ್ತೆ ಅದೇ ಮಟ್ಟಕ್ಕೆ ತುಂಬಿಸಿದರೆ ಎರಡನೇ ಸಲ ಹಿಡಿಸಿದ ಲೀಟರ್ ಎಷ್ಟೋ ಅಷ್ಟೇ ನಡುವೆ ಖರ್ಚಾದದ್ದು.

ತೊಡಕಿರುವುದು ‘ಅದೇ ಮಟ್ಟ’ ಎಂಬಲ್ಲಿ. ಬಂಕಿನ ನಾಜಲ್, ಅಂದರೆ ಪೆಟ್ರೋಲ್ ಬಿಡುವ ಮೂತಿ, ಟ್ಯಾಂಕು ತುಂಬಿ ಅದರ ತುದಿಗೆ ಪೆಟ್ರೋಲ್ ತಾಗಿದೊಡನೆ ಟಕ್ ಎಂದು ತಾನೇ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನಡೆಯುವುದೇನು? ಮೀಟರ್ 2,187 ರೂಪಾಯಿ ತೋರಿಸುತ್ತಿರುತ್ತದೆ. ಬಂಕಿನ ಹುಡುಗ ನಾಜಲ್ಲನ್ನು ಅರ್ಧ ಎತ್ತಿ, ನಿಮ್ಮ ಮುಖ ನೋಡಿ ‘ರೌಂಡ್ ಮಾಡ್ಬಿಡ್ಲಾ ಸಾರ್?’ ಎನ್ನುತ್ತಾನೆ, ನೀವು ತಲೆಯಾಡಿಸುವ ಮೊದಲೇ ಮತ್ತೆ ಮೂರು ನಾಲ್ಕು ಸಲ ಒತ್ತಿ 2,200 ಮಾಡಿರುತ್ತಾನೆ. ಈ ಸಲ 13 ರೂಪಾಯಿಯದು, ಮುಂದಿನ ಸಲ 90 ರೂಪಾಯಿಯದು. ಚಿಲ್ಲರೆಯ ತಾಪತ್ರಯ ಅವನಿಗೂ ಇದೆ, ಒಪ್ಪೋಣ. ಆದರೆ ಈಗ ಫೋನಿನಲ್ಲಿ 2,187 ರೂಪಾಯಿಯನ್ನೇ ಕಳಿಸಬಹುದಾದ್ದರಿಂದ ರೌಂಡ್ ಮಾಡುವ ಅಗತ್ಯವೇ ಇಲ್ಲ. ಟ್ಯಾಂಕಿನ ಮುಚ್ಚಳ ತೆಗೆಯುವಾಗಲೇ ‘ಫುಲ್ ಮಾಡಿ, ಕಟ್ ಆದ ಮೇಲೆ ಒತ್ತಬೇಡಿ’ ಎಂದು ಹೇಳಿ. ಕುತ್ತಿಗೆಯವರೆಗೆ ತುಂಬಿಸುವುದರಿಂದ ಲೆಕ್ಕ ಕೆಡುವುದಷ್ಟೇ ಅಲ್ಲ, ಪೆಟ್ರೋಲಿನ ಆವಿಯನ್ನು ಹೀರಿಕೊಳ್ಳಲೆಂದು ಇಟ್ಟಿರುವ ಇದ್ದಿಲಿನ ಡಬ್ಬಿಗೆ ದ್ರವ ಪೆಟ್ರೋಲೇ ನುಗ್ಗಿ ಅದು ಹಾಳಾಗಬಹುದು.

ಸಾಧ್ಯವಾದಷ್ಟು ಅದೇ ಬಂಕ್, ಅದೇ ಯಂತ್ರ, ಗಾಡಿ ನಿಲ್ಲುವ ಅದೇ ದಿಕ್ಕು ಇರಲಿ. ನೆಲ ಸ್ವಲ್ಪ ಇಳಿಜಾರಾಗಿದ್ದರೂ ಟ್ಯಾಂಕಿನ ಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡು ನಾಜಲ್ ಬೇಗನೆ ನಿಲ್ಲುತ್ತದೆ. ಡೀಸೆಲ್ ನೊರೆ ಬರುವುದರಿಂದ ಅದಕ್ಕೂ ಬೇಗನೆ ಕಟ್ ಆಗುವುದುಂಟು. ಡೀಸೆಲ್ ಗಾಡಿಯವರು ಅರ್ಧ ನಿಮಿಷ ಕಾದು ಎರಡನೇ ಸಲ ಕಟ್ ಆಗುವವರೆಗೆ ಹಾಕಿಸುವುದನ್ನೇ ನಿಯಮ ಮಾಡಿಕೊಳ್ಳಬಹುದು. ನಿಯಮ ಯಾವುದಾದರೂ ಆಗಲಿ, ಪ್ರತಿಸಲವೂ ಒಂದೇ ಆಗಿರಬೇಕು. ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಪೆಟ್ರೋಲ್ ಹೆಚ್ಚು ಸಿಗುತ್ತದೆ ಎಂಬ ನಂಬಿಕೆಗಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಬಂಕಿನ ಟ್ಯಾಂಕುಗಳು ನೆಲದಡಿ ಇರುವುದರಿಂದ ಬೆಳಗಿಗೂ ಮಧ್ಯಾಹ್ನಕ್ಕೂ ಅದರ ಬಿಸಿ ಲೆಕ್ಕಕ್ಕೆ ಸಿಗುವಷ್ಟು ಬದಲಾಗುವುದಿಲ್ಲ.

ಅಳತೆಯ ಬಗ್ಗೆ ಅನುಮಾನವಿದ್ದರೆ ಜಗಳ ಬೇಡ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ 5 ಲೀಟರಿನ ಅಳತೆಪಾತ್ರೆಯನ್ನು ಪ್ರತಿ ಬಂಕೂ ಇಟ್ಟಿರಬೇಕು, ಗ್ರಾಹಕ ಕೇಳಿದರೆ ಅದಕ್ಕೆ ಹಾಕಿ ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರಿನವರೆಗಿನ ವ್ಯತ್ಯಾಸಕ್ಕೆ ಅವಕಾಶವಿದೆ. ಅದು ನೂರಕ್ಕೆ ಅರ್ಧ ಪಾಲು, ನಿಮ್ಮ ಮೈಲೇಜ್ 20ರಿಂದ 15ಕ್ಕೆ ಇಳಿಯಲು ಅದು ಕಾರಣವಾಗಲಾರದು. ಪೆಟ್ರೋಲ್ ಬಿಡುವ ಮುನ್ನ ಮೀಟರ್ ಸೊನ್ನೆಗೆ ಬಂದದ್ದನ್ನು ಮಾತ್ರ ಪ್ರತಿಸಲ ಕಣ್ಣಾರೆ ನೋಡಿ.

ಹಂತ 4: ನಾಲ್ಕು ಸಂಗತಿ ಬರೆಯಿರಿ

ಬಂಕಿನಿಂದ ಹೊರಡುವ ಮೊದಲೇ ಬರೆಯಬೇಕಾದವು ನಾಲ್ಕು: ದಿನಾಂಕ, ಓಡೋಮೀಟರ್ ಅಂಕಿ, ಹಾಕಿಸಿದ ಲೀಟರ್ (ದಶಮಾಂಶದ ಎರಡು ಸ್ಥಾನದವರೆಗೆ), ಫುಲ್ ಆಯಿತೋ ಇಲ್ಲವೋ ಎಂಬುದು. ರೂಪಾಯಿ ಬರೆದರೆ ಒಳ್ಳೆಯದು, ಆದರೆ ದರ ಬದಲಾಗುತ್ತಿರುವುದರಿಂದ ರೂಪಾಯಿಯಿಂದ ಲೀಟರ್ ಲೆಕ್ಕ ಹಾಕಲು ಹೋಗಬೇಡಿ.

ಎಲ್ಲರೂ ಪ್ರತಿಸಲ ಫುಲ್ ಮಾಡಿಸಲಾರರು, ತಿಂಗಳ ಕೊನೆಯಲ್ಲಿ 500 ರೂಪಾಯಿಗೆ ಹಾಕಿಸುವುದು ಎಲ್ಲರ ಮನೆಯ ಕಥೆ. ಅದರಿಂದ ಲೆಕ್ಕಕ್ಕೆ ತೊಂದರೆಯಿಲ್ಲ. ನಡುವಿನ ಅರೆಬರೆ ಹಾಕಿಸಿದ್ದನ್ನೆಲ್ಲ ಬರೆದಿಟ್ಟು, ಮುಂದಿನ ಫುಲ್ ಟ್ಯಾಂಕಿನ ಲೀಟರಿಗೆ ಕೂಡಿಸಿಕೊಂಡರಾಯಿತು. ಹಾಕಿಸಿಯೂ ಬರೆಯದಿರುವುದೇ ತೊಂದರೆ. ಒಂದು ಸಣ್ಣ ಪೆಟ್ರೋಲ್ ಕಾರಿನ ಪುಸ್ತಕದ ಪುಟವನ್ನು ಇಲ್ಲಿ ಕೊಡುತ್ತೇನೆ.

38,214 ಕಿ.ಮೀ.: ಫುಲ್, ಇಲ್ಲಿಂದ ಆರಂಭ
38,561 ಕಿ.ಮೀ.: 21.34 ಲೀಟರ್, ಫುಲ್
38,702 ಕಿ.ಮೀ.: 4.86 ಲೀಟರ್, ಫುಲ್ ಅಲ್ಲ
38,988 ಕಿ.ಮೀ.: 20.11 ಲೀಟರ್, ಫುಲ್
39,455 ಕಿ.ಮೀ.: 24.65 ಲೀಟರ್, ಫುಲ್, ಶಿವಮೊಗ್ಗಕ್ಕೆ ಹೋಗಿ ಬಂದದ್ದು

ಹಂತ 5: ಲೆಕ್ಕ ಹಾಕುವುದು

ಮೊದಲ ಸಲ ಹಾಕಿಸಿದ ಪೆಟ್ರೋಲ್ ಎಷ್ಟೆಂಬುದು ಲೆಕ್ಕಕ್ಕೆ ಬರುವುದಿಲ್ಲ, ಅದು ಬರೀ ಆರಂಭದ ಗೆರೆ. ಎರಡನೇ ಸಾಲಿನಲ್ಲಿ 347 ಕಿಲೋಮೀಟರಿಗೆ 21.34 ಲೀಟರ್, ಅಂದರೆ ಲೀಟರಿಗೆ 16.26. ಮುಂದಿನ ಫುಲ್ ಟ್ಯಾಂಕಿನವರೆಗೆ ಓಡಿದ್ದು 427 ಕಿಲೋಮೀಟರ್, ಖರ್ಚಾದದ್ದು 4.86 ಮತ್ತು 20.11 ಕೂಡಿ 24.97 ಲೀಟರ್, ಅಂದರೆ ಲೀಟರಿಗೆ 17.10. ಆ ನಡುವಿನ 4.86 ಲೀಟರನ್ನು ಬರೆಯಲು ಮರೆತಿದ್ದರೆ 21.23 ಬರುತ್ತಿತ್ತು, ಮಾಲೀಕರು ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದರು. ಕೊನೆಯ ಸಾಲಿನಲ್ಲಿ 467 ಕಿಲೋಮೀಟರಿಗೆ 24.65 ಲೀಟರ್, ಲೀಟರಿಗೆ 18.95.

ಒಟ್ಟು ಓಡಿದ್ದು 1,241 ಕಿಲೋಮೀಟರ್, ಒಟ್ಟು ಖರ್ಚು 70.96 ಲೀಟರ್, ಮೈಲೇಜ್ 17.49. ನೀವು ನಂಬಬೇಕಾದದ್ದು ಈ ಒಟ್ಟು ಅಂಕಿಯನ್ನು. ಅದೇಕೆಂದು ವಿವರಿಸಬೇಕು. ಕೊನೆಯ ಸಲ ನಾಜಲ್ ಬೇಗನೆ ನಿಂತು ಟ್ಯಾಂಕಿನಲ್ಲಿ ಒಂದು ಲೀಟರಿನ ಜಾಗ ಖಾಲಿ ಉಳಿಯಿತೆಂದು ಇಟ್ಟುಕೊಳ್ಳಿ. ಆ ಒಂದು ಟ್ಯಾಂಕಿನ ಲೆಕ್ಕ 18.95ರ ಬದಲು 19.75 ಆಗುತ್ತದೆ, ಒಟ್ಟು ಲೆಕ್ಕ ಮಾತ್ರ 17.49ರಿಂದ 17.74ಕ್ಕೆ ಸರಿಯುತ್ತದೆ, ಅಷ್ಟೇ. ನಡುವಿನ ಯಾವುದೋ ಟ್ಯಾಂಕಿನಲ್ಲಿ ಹಾಗಾದರೆ ಅದೂ ಇಲ್ಲ, ಏಕೆಂದರೆ ಈ ಸಲ ಕಡಿಮೆ ಹಿಡಿದದ್ದು ಮುಂದಿನ ಸಲ ಹೆಚ್ಚಾಗಿ ಹಿಡಿದು ಸರಿದೂಗುತ್ತದೆ. ಮೊದಲ ಮತ್ತು ಕೊನೆಯ ಟ್ಯಾಂಕಿನ ತಪ್ಪು ಮಾತ್ರ ಉಳಿಯುತ್ತದೆ, ಓಡಿದ ದೂರ ಬೆಳೆದಂತೆ ಅದೂ ಕರಗುತ್ತದೆ. ಹಾಗಾಗಿ ಒಂದೇ ಟ್ಯಾಂಕಿನ ಅಂಕಿಯನ್ನು ಹಿಡಿದುಕೊಂಡು ಮೆಕ್ಯಾನಿಕ್ ಬಳಿಗೆ ಓಡಬೇಡಿ. ಐದಾರು ಟ್ಯಾಂಕು ಅಥವಾ ಎರಡು ಸಾವಿರ ಕಿಲೋಮೀಟರ್ ಆಗುವವರೆಗೆ ತಾಳ್ಮೆಯಿರಲಿ.

ಲೆಕ್ಕದಲ್ಲಿ ಓದಿಕೊಂಡವರೂ ಮುಗ್ಗರಿಸುವ ಜಾಗ ಒಂದಿದೆ. ಒಂದು ಟ್ಯಾಂಕಿಗೆ 12, ಇನ್ನೊಂದಕ್ಕೆ 20 ಬಂದರೆ ಸರಾಸರಿ 16 ಎನ್ನುವಂತಿಲ್ಲ. ಮೊದಲನೆಯದು 10 ಲೀಟರಿಗೆ 120 ಕಿಲೋಮೀಟರ್, ಎರಡನೆಯದು 25 ಲೀಟರಿಗೆ 500 ಕಿಲೋಮೀಟರ್ ಆಗಿದ್ದರೆ ನಿಜವಾದ ಸರಾಸರಿ 620ನ್ನು 35ರಿಂದ ಭಾಗಿಸಿದಾಗ ಬರುವ 17.71. ಯಾವಾಗಲೂ ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಿ.

ಖರ್ಚಿನ ದೃಷ್ಟಿಯಿಂದ ನೋಡುವವರು ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂದು ಲೆಕ್ಕ ಹಾಕುವುದು ಒಳ್ಳೆಯದು. ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಂಡರೆ 17.49 ಕೊಡುವ ಕಾರಿಗೆ ಕಿಲೋಮೀಟರಿಗೆ 5 ರೂಪಾಯಿ 89 ಪೈಸೆ. ಮೈಲೇಜ್ ಅಂಕಿ ಕಣ್ಣಿಗೆ ಮಣ್ಣೆರಚುವುದೂ ಉಂಟು: 12 ಕೊಡುವ ಗಾಡಿ 14 ಕೊಟ್ಟರೆ ಸಾವಿರ ಕಿಲೋಮೀಟರಿಗೆ 11.9 ಲೀಟರ್ ಉಳಿಯುತ್ತದೆ, 20 ಕೊಡುವ ಗಾಡಿ 22 ಕೊಟ್ಟರೆ ಉಳಿಯುವುದು 4.5 ಲೀಟರ್ ಮಾತ್ರ. ಮನೆಯಲ್ಲಿ ಎರಡು ಗಾಡಿ ಇದ್ದವರು ಯಾವುದನ್ನು ಮೊದಲು ರಿಪೇರಿಗೆ ಬಿಡಬೇಕೆಂದು ಇದರಿಂದ ತೀರ್ಮಾನಿಸಬಹುದು.

ಕಾರಿನ ಪರದೆಯ ಮೇಲೆ ‘ಸರಾಸರಿ’ ಎಂದು ತಾನೇ ತೋರಿಸುವ ಅಂಕಿಯ ಬಗ್ಗೆಯೂ ಕೇಳುತ್ತಾರೆ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಅದನ್ನು ಅಂದಾಜು ಮಾಡುತ್ತಾರೆ. ಸಾಮಾನ್ಯವಾಗಿ ಅದು ನಿಜಕ್ಕಿಂತ ಸ್ವಲ್ಪ ಉದಾರ. ಫುಲ್ ಟ್ಯಾಂಕ್ ಮಾಡಿಸಿದಾಗಲೆಲ್ಲ ಅದನ್ನೂ ಸೊನ್ನೆ ಮಾಡಿ, ಮುಂದಿನ ಸಲ ನಿಮ್ಮ ಲೆಕ್ಕದ ಪಕ್ಕದಲ್ಲೇ ಬರೆದುಕೊಳ್ಳಿ. ನಾಲ್ಕೈದು ಸಲಕ್ಕೆ ಅದು ಎಷ್ಟು ಹೆಚ್ಚು ಹೇಳುತ್ತದೆ ಎಂಬುದು ಗೊತ್ತಾಗುತ್ತದೆ, ಆಮೇಲೆ ಅಷ್ಟನ್ನು ಕಳೆದು ಓದಿಕೊಂಡರಾಯಿತು.

ಬೈಕು, ಸ್ಕೂಟರ್ ಮತ್ತು ಸಿ.ಎನ್.ಜಿ. ಗಾಡಿಯವರಿಗೆ

ಕ್ರಮ ಇದೇ, ಆದರೆ ಟ್ಯಾಂಕು ಚಿಕ್ಕದಾದ್ದರಿಂದ ತಪ್ಪು ದೊಡ್ಡದಾಗುತ್ತದೆ. ಸ್ಕೂಟರಿಗೆ 4 ಲೀಟರ್ ಹಾಕಿಸುವಾಗ 200 ಮಿಲಿಲೀಟರ್ ಆಚೀಚೆಯಾದರೆ ಲೆಕ್ಕ ನೂರಕ್ಕೆ 5ರಷ್ಟು ತಪ್ಪುತ್ತದೆ. ದ್ವಿಚಕ್ರದ ಟ್ಯಾಂಕಿನ ಬಾಯಿ ಆಳವಿಲ್ಲದ್ದರಿಂದ ನಾಜಲ್ ತಾನಾಗಿ ನಿಲ್ಲುವುದನ್ನು ನಂಬಲಾಗದು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಟ್ಯಾಂಕಿನ ಬಾಯೊಳಗೆ ಕಾಣುವ ತಗಡಿನ ಕೆಳ ಅಂಚನ್ನು ಗುರುತಾಗಿ ಇಟ್ಟುಕೊಂಡು ಪ್ರತಿಸಲವೂ ಅಲ್ಲಿಯವರೆಗೆ ಹಾಕಿಸಿ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿಕೊಂಡು ಹಾಕಿಸಿದರೆ ಮಟ್ಟ ಬೇರೆಯಾಗುತ್ತದೆ. ಎಂಟು ಹತ್ತು ಸಲದ ಒಟ್ಟು ಲೆಕ್ಕವನ್ನಷ್ಟೇ ನಂಬಿ.

ರಿಸರ್ವ್ ಕೀಲಿ ಇದ್ದ ಹಳೆಯ ಬೈಕುಗಳಲ್ಲಿ ರಿಸರ್ವಿಗೆ ಬಂದಾಗ ಒಂದು ಲೀಟರ್ ಹಾಕಿ, ಮತ್ತೆ ರಿಸರ್ವಿಗೆ ಬರುವವರೆಗೆ ಓಡಿಸಿ ನೋಡುವ ಪದ್ಧತಿ ಮೆಕ್ಯಾನಿಕ್ಕುಗಳಲ್ಲಿತ್ತು, ಅದು ಪರವಾಗಿಲ್ಲದ ಪದ್ಧತಿಯೇ. 2020ರ ಏಪ್ರಿಲ್‌ನಲ್ಲಿ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿ.ಎಸ್. 6 ನಿಯಮ ಬಂದ ಮೇಲಿನ ಬೈಕುಗಳು ಬಹುಮಟ್ಟಿಗೆ ಇಂಜೆಕ್ಷನ್ ಬೈಕುಗಳಾಗಿರುವುದರಿಂದ ಅವುಗಳಲ್ಲಿ ಟ್ಯಾಂಕು ಒಣಗಿಸಿ ಪರೀಕ್ಷಿಸುವ ಸಾಹಸ ಮಾಡಬೇಡಿ. ಟ್ಯಾಂಕಿನೊಳಗಿನ ಪಂಪು ತಣ್ಣಗಿರುವುದೇ ಅದನ್ನು ಸುತ್ತುವರಿದ ಪೆಟ್ರೋಲಿನಿಂದ.

ಸಿ.ಎನ್.ಜಿ. ಕಾರಿನಲ್ಲಿ ಅಳತೆ ಕಿಲೋಗ್ರಾಮಿನದು. ಸಿಲಿಂಡರ್ ತುಂಬುವುದು ಒತ್ತಡ ನೋಡಿ. ಬಿಸಿಯಾದ ಸಿಲಿಂಡರಿಗೆ ಅದೇ ಒತ್ತಡದಲ್ಲಿ ಕಡಿಮೆ ಅನಿಲ ಹಿಡಿಯುವುದರಿಂದ ಒಂದೊಂದು ಸಲದ ಅಂಕಿ ಏರಿಳಿಯುತ್ತದೆ. ಇಲ್ಲಿಯೂ ಒಟ್ಟು ಲೆಕ್ಕವೇ ದಾರಿ. ಇಂತಹ ಅನೇಕ ಕಾರುಗಳು ಪೆಟ್ರೋಲಿನಲ್ಲಿ ಚಾಲೂ ಆಗಿ ಆಮೇಲೆ ಅನಿಲಕ್ಕೆ ತಿರುಗುವುದರಿಂದ ಪೆಟ್ರೋಲಿಗೂ ಬೇರೆ ಪುಟ ಬೇಕು.

ಹಂತ 6: ಓಡಾಟ ಎಂಥದ್ದೆಂದು ಒಂದು ಮಾತು ಬರೆಯಿರಿ

ಅಂಕಿಯ ಪಕ್ಕದಲ್ಲಿ ‘ಊರೊಳಗೆ’, ‘ಹೆದ್ದಾರಿ’, ‘ಎ.ಸಿ.’, ‘ಐದು ಜನ’ ಎಂದು ಎರಡು ಪದ ಬರೆದಿಡದಿದ್ದರೆ ಆರು ತಿಂಗಳ ನಂತರ ಅಂಕಿ ಏಕೆ ಇಳಿದಿತ್ತೆಂಬುದು ನಿಮಗೇ ತಿಳಿಯುವುದಿಲ್ಲ. ಮೇಲಿನ ಪುಟದಲ್ಲಿ ಒಂದೇ ಕಾರು 16.26 ಮತ್ತು 18.95 ಎರಡನ್ನೂ ಕೊಟ್ಟಿದೆ, ಕಾರಿನಲ್ಲಿ ಯಾವ ಬದಲಾವಣೆಯೂ ಆಗಿಲ್ಲ.

ಎಸ್.ಎಸ್. ಪುರದಿಂದ ಎಂ.ಜಿ. ರಸ್ತೆಗೆ ತರಕಾರಿಗೆಂದು ಹೋಗಿ ಬರುವಂತಹ ಎರಡು ಮೂರು ಕಿಲೋಮೀಟರಿನ ಓಡಾಟ ಮೈಲೇಜಿಗೆ ಎಲ್ಲಕ್ಕಿಂತ ದೊಡ್ಡ ಹೊಡೆತ. ತಣ್ಣಗಿರುವ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕು, ಅದು ಸರಿಯಾಗಿ ಬಿಸಿಯಾಗುವಷ್ಟರಲ್ಲಿ ನೀವು ಮನೆ ಸೇರಿರುತ್ತೀರಿ. ನಿಂತಲ್ಲೇ ಉರಿಯುವುದು ಇನ್ನೊಂದು. ಸಣ್ಣ ಪೆಟ್ರೋಲ್ ಕಾರು ಎ.ಸಿ. ಹಾಕಿಕೊಂಡು ಚಾಲೂ ಸ್ಥಿತಿಯಲ್ಲಿ ನಿಂತರೆ ಗಂಟೆಗೆ ಒಂದು ಲೀಟರಿನ ಆಸುಪಾಸು ಕುಡಿಯುತ್ತದೆ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಕಾಯುತ್ತಾ ದಿನಕ್ಕೆ ಹದಿನೈದು ನಿಮಿಷ ಹೀಗೆ ನಿಂತರೆ ತಿಂಗಳ 25 ದಿನಕ್ಕೆ ಆರು ಲೀಟರಿಗೂ ಹೆಚ್ಚು, ಓಡಿದ ದೂರ ಸೊನ್ನೆ.

ಹೆದ್ದಾರಿಯಲ್ಲಿ ವೇಗವೇ ಎಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ದಿನವೂ ಬೆಂಗಳೂರಿಗೆ ಹೋಗಿ ಬರುವವರು ಒಂದು ವಾರ 80ರಲ್ಲಿ, ಒಂದು ವಾರ 100ರಲ್ಲಿ ಓಡಿಸಿ ತಾವೇ ನೋಡಬಹುದು. ಆದರೆ ಹೋಗುವ ದಾರಿಯನ್ನಷ್ಟೇ ಅಳೆದು ತೀರ್ಪು ಕೊಡಬೇಡಿ. ಬೆಂಗಳೂರು ತುಮಕೂರಿಗಿಂತ ಸುಮಾರು ನೂರು ಮೀಟರ್ ಎತ್ತರದಲ್ಲಿದೆ. 1,100 ಕಿಲೋ ತೂಕದ ಕಾರನ್ನು ಅಷ್ಟು ಮೇಲಕ್ಕೆ ಏರಿಸಲು ಒಂದು ಲೋಟ ಕಾಫಿಯಷ್ಟು, ಅಂದರೆ ಸುಮಾರು 150 ಮಿಲಿಲೀಟರ್ ಪೆಟ್ರೋಲ್ ಹೆಚ್ಚಿಗೆ ಬೇಕು. ಸುಮಾರು 70 ಕಿಲೋಮೀಟರಿನ ದಾರಿಗೆ ನಾಲ್ಕು ಲೀಟರ್ ಖರ್ಚಾಗುವ ಕಾರಿನಲ್ಲಿ ಇದು ನೂರಕ್ಕೆ ನಾಲ್ಕರಷ್ಟು. ಬರುವಾಗ ಅದರ ಬಹುಪಾಲು ವಾಪಸು ಸಿಗುತ್ತದೆ. ದೇವರಾಯನದುರ್ಗ ಹತ್ತಿ ಇಳಿದ ದಿನವೂ ಹೀಗೆಯೇ, ಹೋಗಿ ಬಂದದ್ದನ್ನು ಒಟ್ಟಿಗೆ ಲೆಕ್ಕ ಹಾಕಿ.

ಆಷಾಢದ ಗಾಳಿಯನ್ನು ಮರೆಯುವವರು ಬಹಳ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಗಾಳಿ ಬೀಸುವುದು ಪಶ್ಚಿಮದಿಂದ, ನೈಋತ್ಯದಿಂದ. ಗುಬ್ಬಿ ದಾಟಿ ತಿಪಟೂರಿನ ಕಡೆಗೆ ಬಯಲಿನಲ್ಲಿ 80ರಲ್ಲಿ ಹೋಗುವಾಗ ಎದುರು ಗಾಳಿ ಗಂಟೆಗೆ 20 ಕಿಲೋಮೀಟರ್ ಇದ್ದರೆ ನಿಮ್ಮ ಗಾಡಿ ಎದುರಿಸುವುದು 100ರ ವೇಗದ ತಡೆಯನ್ನು. ಬೈಕಿನವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು, ಹ್ಯಾಂಡಲ್ಲೇ ಹೇಳುತ್ತದೆ.

ಎಥನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಈಚೆಗೆ ಹೆಚ್ಚು ಪತ್ರಗಳು ಬರುತ್ತಿವೆ. ಇ20 ಎಂದರೆ ನೂರಕ್ಕೆ 20 ಭಾಗ ಎಥನಾಲ್ ಇರುವ ಪೆಟ್ರೋಲ್. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆಯಾದ್ದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ನೀತಿ ಆಯೋಗದ 2021ರ ವರದಿಯ ಅಂದಾಜಿನಂತೆ, ಎಥನಾಲ್ ಇಲ್ಲದ ಪೆಟ್ರೋಲಿಗೆಂದು ರೂಪಿಸಿ ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ನೂರಕ್ಕೆ 6ರಿಂದ 7ರಷ್ಟು, ಅಂತಹದೇ ದ್ವಿಚಕ್ರಗಳಲ್ಲಿ 3ರಿಂದ 4ರಷ್ಟು, ಇ10ಕ್ಕೆ ರೂಪಿಸಿ ಇ20ಗೆ ಹೊಂದಿಸಿದ ಕಾರುಗಳಲ್ಲಿ 1ರಿಂದ 2ರಷ್ಟು ಇಳಿಕೆಯಾಗುತ್ತದೆ. 17 ಕೊಡುತ್ತಿದ್ದ ಹಳೆಯ ಕಾರು 16ರ ಹತ್ತಿರ ಬಂದಿದ್ದರೆ ಇದೇ ಕಾರಣವಿರಬಹುದು. 17 ಇದ್ದದ್ದು 12ಕ್ಕೆ ಇಳಿದಿದ್ದರೆ ಎಥನಾಲನ್ನು ಬೈಯುವುದು ಬಿಟ್ಟು ಮುಂದಿನ ಹಂತಕ್ಕೆ ಬನ್ನಿ.

ಹಂತ 7: ಅಂಕಿ ಇಳಿದಾಗ ಹುಡುಕುವ ಸರದಿ

ಓಡಾಟ ಬದಲಾಗದೆ ಸತತ ಮೂರು ಟ್ಯಾಂಕಿನಲ್ಲಿ ಹಳೆಯ ಸರಾಸರಿಗಿಂತ ನೂರಕ್ಕೆ ಹತ್ತರಷ್ಟು ಇಳಿಕೆ ಕಂಡರೆ ಗಾಡಿಯನ್ನು ನೋಡಬೇಕಾದ ಸಮಯ ಬಂದಿದೆ. ಖರ್ಚಿಲ್ಲದ್ದರಿಂದ ಶುರುಮಾಡಿ. ಮೊದಲು ಟೈರಿನ ಗಾಳಿ. ಆಮೇಲೆ ಬ್ರೇಕ್ ಹಿಡಿದುಕೊಂಡಿದೆಯೇ ನೋಡಿ: ಬ್ರೇಕನ್ನು ಹೆಚ್ಚು ಬಳಸದೆ ಐದಾರು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕು ಚಕ್ರಗಳ ಹತ್ತಿರ ಅಂಗೈ ಹಿಡಿದರೆ ಒಂದರಿಂದ ಮಾತ್ರ ಕಾವು ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಮುಟ್ಟಲು ಹೋಗಬೇಡಿ, ಸುಡುತ್ತದೆ. ಬೈಕಿನಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಸರಾಗವಾಗಿ ತಿರುಗಬೇಕು. ಬ್ರೇಕ್ ಬಿಗಿ ಮಾಡಿಸಿದ ಮರುದಿನದಿಂದ ಮೈಲೇಜ್ ಬಿದ್ದಿದ್ದರೆ ಕಾರಣ ಅಲ್ಲೇ ಇದೆ. ಚೈನು ಅತಿ ಬಿಗಿಯಾಗಿದ್ದರೂ ಒಣಗಿದ್ದರೂ ಪೆಟ್ರೋಲ್ ಹೆಚ್ಚು ಬೇಕಾಗುತ್ತದೆ.

ಅವೆರಡೂ ಸರಿಯಿದ್ದರೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು ಗಮನಿಸಿ. ಹೆದ್ದಾರಿಯಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿದರೂ ಅದು ಎಂದಿನ ಜಾಗಕ್ಕೆ ಏರದಿದ್ದರೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ತಣ್ಣೀರನ್ನು ತಡೆದಿಡುವ ಕವಾಟ, ತೆರೆದೇ ಉಳಿದಿರಬಹುದು. ಎಂಜಿನ್ ಸದಾ ತಣ್ಣಗೇ ಇದ್ದು ಹೆಚ್ಚು ಪೆಟ್ರೋಲ್ ಕೇಳುತ್ತದೆ. ಈ ತೊಂದರೆ ಗಾಡಿಯನ್ನು ನಿಲ್ಲಿಸುವುದಿಲ್ಲವಾದ್ದರಿಂದ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಇರುವುದುಂಟು. ಏರಿನಲ್ಲಿ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿದ್ದರೆ ಹೊಗೆಯಲ್ಲಿರುವ ಆಮ್ಲಜನಕ ಅಳೆಯುವ ಸೆನ್ಸರ್ ಕೆಟ್ಟಿರಬಹುದು, ಸ್ಕ್ಯಾನರ್ ಹಾಕಿ ನೋಡಿಸಿ.

ಏರ್ ಫಿಲ್ಟರ್ ಬದಲಿಸಿದರೆ ಮೈಲೇಜ್ ಏರುತ್ತದೆ ಎಂಬುದು ಇಂಜೆಕ್ಷನ್ ಬರುವ ಮೊದಲಿನ ಕಾರ್ಬ್ಯುರೇಟರ್ ಕಾಲದ ಮಾತು. ಇಂಜೆಕ್ಷನ್ ಗಾಡಿಗಳಲ್ಲಿ ಎಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂಬುದನ್ನು ಅಳೆದೇ ಪೆಟ್ರೋಲ್ ಬಿಡುವುದರಿಂದ ಕಟ್ಟಿಕೊಂಡ ಫಿಲ್ಟರಿನಿಂದ ಎಳೆಯುವ ಶಕ್ತಿ ಕುಗ್ಗುತ್ತದೆಯೇ ಹೊರತು ಮೈಲೇಜ್ ಅಷ್ಟಾಗಿ ಕೆಡುವುದಿಲ್ಲ. ಕೆಮ್ಮಣ್ಣಿನ ರಸ್ತೆಯಲ್ಲಿ, ಜಲ್ಲಿ ಲಾರಿಗಳ ಹಿಂದೆ ಓಡಾಡುವವರು ಎಂಜಿನ್ನಿನ ಬಾಳಿಕೆಗಾಗಿ ಅದನ್ನು ಬದಲಿಸಬೇಕು, ಮೈಲೇಜಿಗಾಗಿ ಅಲ್ಲ.

ಗಾಡಿಯನ್ನು ರಿಪೇರಿಗೆ ಬಿಡುವಾಗ ‘ಮೈಲೇಜ್ ಬರುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ಹಾಗೆ ಹೇಳಿ ಒಮ್ಮೆ ನಾನು ಬೇಡದ ಇಂಜೆಕ್ಟರ್ ಸ್ವಚ್ಛತೆಗೆ ದುಡ್ಡು ತೆತ್ತು ಬಂದಿದ್ದೇನೆ, ತೊಂದರೆ ಇದ್ದದ್ದು ಹಿಂದಿನ ಬ್ರೇಕಿನಲ್ಲಿ. ಪುಸ್ತಕ ತೆರೆದು, ಇಂಥ ಓಡೋಮೀಟರ್ ಅಂಕಿಯವರೆಗೆ ಇಷ್ಟು ಕೊಡುತ್ತಿತ್ತು, ಇಂಥ ಕೆಲಸ ಮಾಡಿಸಿದ ಮೇಲೆ ಇಷ್ಟಕ್ಕೆ ಇಳಿಯಿತು ಎಂದು ತೋರಿಸಿ. ರಿಪೇರಿಯಾದ ದಿನವೇ ಫುಲ್ ಟ್ಯಾಂಕ್ ಮಾಡಿಸಿ, ಪುಸ್ತಕದಲ್ಲಿ ಒಂದು ಅಡ್ಡಗೆರೆ ಎಳೆದು ಹೊಸ ಲೆಕ್ಕ ಶುರುಮಾಡಿ. ಟೈರ್ ಬದಲಿಸಿದ ದಿನವೂ ಹೀಗೆಯೇ ಗೆರೆ ಎಳೆಯಬೇಕು, ಜೊತೆಗೆ ಮೊದಲ ಹಂತದ ಕಿಲೋಮೀಟರ್ ಕಲ್ಲಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು.